ಐತಪ್ಪ ಮಾವನ ಕೋಲು ಕೊಲಂಬೊಗೆ ಹೋದದ್ದು

ಅಳಿವೆ

ಕೊಲಂಬೊಗೆ ಹೋಗಿ ಬಂದವನೆಂದು ಗೊತ್ತಾದ ಮೇಲೆ ನನ್ನನ್ನು ಕಂಡವರೆಲ್ಲ ಆನೆ ನೋಡಿದಿರಾ, ಬುದ್ಧನ ಹಲ್ಲು ನೋಡಿದಿರಾ ಎಂದು ಕೇಳುತ್ತಾರೆ. ಇಲ್ಲ ಸ್ವಾಮಿ. ಏಳು ದಿನ ಆ ಊರಿನಲ್ಲಿದ್ದು ನಾನು ಕಣ್ಣು ತುಂಬ ನೋಡಿದ್ದು ಹಸಿರು ಬಟ್ಟೆ ಹೊದೆಸಿದ ಒಂದು ಮೇಜು, ಮೂರು ಚೆಂಡು, ಇಬ್ಬರು ಮುದುಕರು. ಅದನ್ನು ನೋಡುವಾಗ ನನ್ನ ಎದೆ ಹೊಡೆದುಕೊಂಡ ಹಾಗೆ ನೂರು ಆನೆ ಒಟ್ಟಿಗೆ ಎದುರು ಬಂದರೂ ಹೊಡೆದುಕೊಳ್ಳುತ್ತಿರಲಿಲ್ಲ.

ಮುದುಕರಲ್ಲಿ ಒಬ್ಬರು ನನ್ನ ಸೋದರಮಾವ ಐತಪ್ಪ. ಮಂಗಳೂರಿನ ಗುಡ್ಡದ ಮೇಲಿನ ಕ್ಲಬ್ಬಿನಲ್ಲಿ ನಲವತ್ತು ವರ್ಷದಿಂದ ಬಿಲಿಯರ್ಡ್ಸ್ ಮಾರ್ಕರು. ಅಂದರೆ ಮೇಜಿನ ಪಕ್ಕ ನಿಂತು ಅಂಕ ಕೂಗುವ, ತೂತಿಗೆ ಬಿದ್ದ ಚೆಂಡನ್ನು ತೆಗೆದು ಜಾಗಕ್ಕಿಡುವ, ಜತೆ ಸಿಗದ ಸಾಹೇಬರೊಂದಿಗೆ ತಾನೇ ಕೋಲು ಹಿಡಿದು ಆಡುವ ಕೆಲಸ. ಕೆಲಸ ಅದಾದರೂ ಹೆಸರು ದೊಡ್ಡದು. ಕಣ್ಣೂರು, ಕಲ್ಲಿಕೋಟೆ, ಕೊಚ್ಚಿ ಎಂದು ಕ್ಲಬ್ಬುಗಳವರು ತಮ್ಮ ತಮ್ಮ ಮಾರ್ಕರುಗಳನ್ನು ಎದುರುಬದುರು ನಿಲ್ಲಿಸಿ ಆಡಿಸುತ್ತಿದ್ದ ಕಾಲದಲ್ಲಿ ನಮ್ಮ ಮಾವನನ್ನು ಸೋಲಿಸಿದವರು ಈ ಕರಾವಳಿಯಲ್ಲಿ ಇರಲಿಲ್ಲ. ಈಗ ಅವರಿಗೆ ಅರವತ್ತೆರಡು. ಎರಡು ವರ್ಷದಿಂದ ಸುಲಭದ ಹೊಡೆತಗಳೂ ತಪ್ಪುತ್ತಿದ್ದವು. ಕ್ಲಬ್ಬಿನವರು ಎದುರಿಗೇ ನಗಲು ಶುರುಮಾಡಿದ್ದರು. ಇನ್ನು ಮೇಲೆ ದಿನಪತ್ರಿಕೆ ಜೋಡಿಸಿಡುವ ಕೆಲಸ ಕೊಡುತ್ತೇವೆ, ಕೋಲು ಬೇರೆಯವರು ಹಿಡಿಯಲಿ ಎಂದು ಹೇಳಿಯೂ ಆಗಿತ್ತು.

ಅಷ್ಟರಲ್ಲಿ ಕೊಲಂಬೊದಿಂದ ಕಾಗದ ಬಂತು. ಹಿಂದೆ ನಮ್ಮ ಕ್ಲಬ್ಬಿನಲ್ಲಿದ್ದು ಅಲ್ಲಿಗೆ ವರ್ಗವಾದ ಒಬ್ಬ ದೊರೆ ಬರೆದದ್ದು. ಅಲ್ಲಿಯ ಹಳೆಯ ಮಾರ್ಕರು ಪೀರಿಸ್‌ನೊಂದಿಗೆ ಐತಪ್ಪ ಒಮ್ಮೆ ಆಡಲಿ, ದಾರಿಯ ವ್ಯವಸ್ಥೆ ತನ್ನದು ಎಂದು. ನಾನು ಹಂಚಿನ ಕಾರ್ಖಾನೆಯ ಗುಮಾಸ್ತ. ಕಳಿಸಿದ ಹಂಚು ಅರ್ಧಕ್ಕರ್ಧ ಒಡೆದು ಮುಟ್ಟಿದೆ ಎಂಬ ತಕರಾರು ವಿಚಾರಿಸಲು ನನಗೂ ಅದೇ ಊರಿಗೆ ಹೋಗಬೇಕಾಗಿತ್ತು. ಹೀಗೆ ಜತೆಯಾಯಿತು.

ಹೊರಡುವ ಬೆಳಿಗ್ಗೆ ಕುದ್ರೋಳಿಯ ಮನೆಯಲ್ಲಿ ಅಮ್ಮ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದಳು. ಅವಳು ಮಾವನ ಅಕ್ಕ. ನಮ್ಮಲ್ಲಿ ಅಕ್ಕನ ಮಾತು ತಮ್ಮನಿಗೆ ಕಾನೂನು, ಸೋದರಮಾವನ ಮಾತು ಅಳಿಯನಿಗೆ ಕಾನೂನು. ಈ ಎರಡು ಕಾನೂನಿನ ನಡುವೆ ಸಿಕ್ಕಿದವನು ನಾನು.

"ಸಂಜೀವ, ಇದು ಕೊನೆಯದ್ದು. ಆ ಕೋಲು ತಿರುಗಿ ಈ ಮನೆಯ ಹೊಸ್ತಿಲು ದಾಟಬಾರದು. ಬರುವಾಗ ಸಮುದ್ರಕ್ಕೆ ಬಿಡಿಸು. ಎಲ್ಲರೂ ನಗುವ ಹಾಗೆ ಆಗುವುದು ಬೇಡ ನನ್ನ ತಮ್ಮನಿಗೆ," ಎಂದಳು. ನಾನು ಆಗಲಿ ಎಂದೆ. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಕೊಲಂಬೊದಲ್ಲಿ ಚೆನ್ನಾಗಿ ಒಮ್ಮೆ ಸೋತರೆ ತಾವಾಗಿಯೇ ಬಿಡುತ್ತಾರೆ ಎಂದು ಲೆಕ್ಕ ಹಾಕಿದ್ದೆ.

ನಮ್ಮ ಬಂದರಿಗೆ ದೊಡ್ಡ ಹಡಗು ಬರುವುದಿಲ್ಲವಲ್ಲ, ಅದು ಹೊರಗಡಲಲ್ಲಿ ಲಂಗರು ಹಾಕಿರುತ್ತದೆ, ನಾವು ಮಚವೆ ದೋಣಿ ಹತ್ತಿ, ನದಿ ಕಡಲು ಸೇರುವ ಅಳಿವೆ ದಾಟಿ ಹೋಗಬೇಕು. ಅಳಿವೆಯ ತೆರೆಗೆ ಮಚವೆ ಎದ್ದೆದ್ದು ಬೀಳುವಾಗ ಎಲ್ಲರೂ ದೇವರನ್ನು ನೆನೆದರೆ ಮಾವ ಕೋಲಿನ ತಗಡಿನ ಪೆಟ್ಟಿಗೆಯನ್ನು ಅಪ್ಪಿ ಕೂತಿದ್ದರು. ಆಳುದ್ದದ ಪೆಟ್ಟಿಗೆ. ಹಡಗಿನ ಏಣಿ ಹತ್ತುವಾಗ ಅದನ್ನು ಬೆನ್ನಿಗೆ ಕಟ್ಟಿಕೊಂಡರು, ನನ್ನ ಕೈಗೆ ಕೊಡಲಿಲ್ಲ. ಕೊಡದಿದ್ದದ್ದು ಒಳ್ಳೆಯದಾಯಿತು. ನಾನು ನನ್ನ ಎಡಗಾಲಿನ ಮೆಟ್ಟನ್ನೇ ಅರಬ್ಬೀ ಸಮುದ್ರಕ್ಕೆ ಅರ್ಪಿಸಿ ಒಂಟಿ ಮೆಟ್ಟಿನಲ್ಲಿ ಹಡಗು ಸೇರಿದೆ.

ಹಡಗಿನ ಅಟ್ಟದ ಮೇಲೆ

ಮೊದಲ ದಿನದ ವರ್ಣನೆ ಬೇಡ. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಇನ್ನೇನೂ ಇಲ್ಲ ಎಂದುಕೊಂಡ ಮೇಲೂ ಬಂತು. ನಮ್ಮ ಪಕ್ಕ ಚಾಪೆ ಹಾಸಿದ್ದ ಬಂದರಿನ ಒಣಮೀನು ವ್ಯಾಪಾರಿ ಹಸನಬ್ಬ ಬ್ಯಾರಿಗಳು ಲಿಂಬೆಹಣ್ಣು ಕೊಟ್ಟು ಮೂಸಲು ಹೇಳಿದರು. ಅವರು ಕೊಲಂಬೊಗೆ ಮನೆಯಿಂದ ಅಂಗಡಿಗೆ ಹೋದ ಹಾಗೆ ಹೋಗಿ ಬರುವವರು. ಮಾವನಿಗೆ ಏನೂ ಆಗಲಿಲ್ಲ. ನಲವತ್ತು ವರ್ಷ ನಿಂತೇ ಕೆಲಸ ಮಾಡಿದ ಕಾಲು, ಹಡಗು ಅಲುಗಿದರೆ ಅದಕ್ಕೆ ಲೆಕ್ಕವಿಲ್ಲ.

ಎರಡನೆಯ ದಿನ ಎದ್ದು ಕೂತು ನಾನು ಮೆಲ್ಲನೆ ಮಾತು ತೆಗೆದೆ. ಹೆಸರಿರುವಾಗಲೇ ಆಟಗಾರ ಇಳಿಯಬೇಕು, ಜನ ಅಯ್ಯೋ ಯಾಕೆ ಬಿಟ್ಟ ಎನ್ನಬೇಕೇ ಹೊರತು ಇನ್ನೂ ಯಾಕೆ ಬಿಟ್ಟಿಲ್ಲ ಎನ್ನಬಾರದು ಎಂದು ಹಸನಬ್ಬರಿಗೆ ಹೇಳುವ ನೆಪದಲ್ಲಿ ಮಾವನ ಕಿವಿಗೆ ಹಾಕಿದೆ. ಹಸನಬ್ಬರು ನನ್ನ ಕಡೆ ಸೇರುತ್ತಾರೆ ಎಂದುಕೊಂಡಿದ್ದೆ. ಅವರು ಗಡ್ಡ ತೀಡಿಕೊಂಡು, ಕೈ ನಿಲ್ಲುವ ದಿನ ಅದೇ ನಿಲ್ಲುತ್ತದೆ, ನಾವು ಮೊದಲೇ ಹೋಗಿ ನಿಲ್ಲಿಸುವುದು ಯಾತಕ್ಕೆ ಎಂದುಬಿಟ್ಟರು. ತನ್ನ ಮಕ್ಕಳು ಕೂಡ ಮನೆಯಲ್ಲಿ ಕೂತುಕೊಳ್ಳಿ ಎನ್ನುತ್ತಾರಂತೆ, ಕೂತರೆ ಎದ್ದೇಳಲು ಇನ್ನೊಬ್ಬರ ಕೈ ಬೇಕಾಗುತ್ತದಂತೆ.

ಸಂಜೆ ಮಾವನೇ ಬಾಯಿ ಬಿಟ್ಟರು. ಇಪ್ಪತ್ತು ವರ್ಷದ ಹಿಂದೆ ಈ ಪೀರಿಸ್ ತನ್ನ ದೊರೆಯೊಂದಿಗೆ ಮಂಗಳೂರಿಗೆ ಬಂದು ಮಾವನೊಂದಿಗೆ ಆಡಿದ್ದ, ಏಳು ಅಂಕಕ್ಕೆ ಸೋತಿದ್ದ. ಇಬ್ಬರೂ ಕೋಲು ಹಿಡಿದು ನಿಂತ ಫೋಟೊ ನಮ್ಮ ಚಾವಡಿಯಲ್ಲಿ ಈಗಲೂ ಇದೆ. ಮಾವನ ದೊಡ್ಡ ಗೆಲುವು ಅದೇ ಎಂದು ಊರೆಲ್ಲ ಹೇಳುತ್ತದೆ.

"ಸೋಲುವುದು ಹೇಗೆ ಅಂತ ನನಗೆ ಯಾರಾದರೂ ಹೇಳಿಕೊಡಬೇಕಾ ಮಾರಾಯ?" ಎಂದರು ಮಾವ. "ಸಾಹೇಬರುಗಳಿಗೆ ಸೋತುಕೊಡುವುದೇ ಮಾರ್ಕರಿನ ಕೆಲಸ. ಒಂದಕ್ಕೋ ಎರಡಕ್ಕೋ ಸೋಲಬೇಕು, ಗೆದ್ದವನಿಗೆ ಗೊತ್ತಾಗಬಾರದು. ಆ ಪೀರಿಸ್ ಕೂಡ ಮಾರ್ಕರು. ಅವನು ಅವತ್ತು ಸೋತದ್ದಾ, ಸೋತುಕೊಟ್ಟದ್ದಾ? ಇಪ್ಪತ್ತು ವರ್ಷ ಆಯ್ತು, ನನಗೆ ಗೊತ್ತಿಲ್ಲ. ಅದೊಂದು ಗೊತ್ತಾಗಬೇಕು. ಮತ್ತೆ ನಿನ್ನ ಅಮ್ಮ ಹೇಳಿದ ಹಾಗೆ ಸಮುದ್ರಕ್ಕೆ ಬೇಕಾದರೆ ಬಿಡುವ."

ಅಮ್ಮ ಬಾವಿಕಟ್ಟೆಯಲ್ಲಿ ಹೇಳಿದ್ದು ಅವರಿಗೆ ಕೇಳಿಸಿತ್ತು. ನನಗೆ ನಾಚಿಕೆಯಾಗಿ ನೀರು ನೋಡುತ್ತ ಕೂತೆ.

ಕೊಲಂಬೊದ ಸುಂಕದ ಕಟ್ಟೆ

ಇಳಿದ ಕೂಡಲೇ ಗೋಳು. ಸುಂಕದ ಅಧಿಕಾರಿಗೆ ಆ ಉದ್ದದ ಪೆಟ್ಟಿಗೆ ನೋಡಿ ಕೋವಿ ಎಂದು ಅನುಮಾನ. ತೆರೆದು ತೋರಿಸಿದರೆ ಈ ಕೋಲು ಯಾತಕ್ಕೆ, ಯಾರಿಗೆ ಹೊಡೆಯಲು ಎಂದು ಇನ್ನೊಂದು ಅನುಮಾನ. ನನ್ನ ಇಂಗ್ಲಿಷು ಕಾರ್ಖಾನೆಯ ಕಾಗದಪತ್ರದ ಇಂಗ್ಲಿಷು. ಹಂಚು ಒಡೆದದ್ದಕ್ಕೆ ವಿಷಾದಿಸಲು ಬರುತ್ತದೆ, ಬಿಲಿಯರ್ಡ್ಸ್ ವಿವರಿಸಲು ಬರುವುದಿಲ್ಲ. ಮಾವ ನನ್ನನ್ನು ಪಕ್ಕಕ್ಕೆ ಸರಿಸಿ, ಹಸನಬ್ಬರ ಚೀಲದಿಂದ ಎರಡು ಲಿಂಬೆಹಣ್ಣು ತೆಗೆದು ಅಧಿಕಾರಿಯ ಮೇಜಿನ ಮೇಲಿಟ್ಟರು. ಬಗ್ಗಿ, ಎಡಗೈಯ ಹೆಬ್ಬೆರಳ ಸಂದಿಯಲ್ಲಿ ಕೋಲು ಕೂರಿಸಿ, ಮೆಲ್ಲನೆ ಒಂದು ತಳ್ಳು. ಒಂದು ಲಿಂಬೆ ಹೋಗಿ ಇನ್ನೊಂದಕ್ಕೆ ತಾಗಿತು, ಅದು ಉರುಳಿ ಸೀದಾ ಅಧಿಕಾರಿಯ ಚಹಾದ ಲೋಟದ ಪಕ್ಕ ನಿಂತಿತು. ಸುತ್ತ ಇದ್ದ ಹಮಾಲರೆಲ್ಲ ಓ ಎಂದರು. ಅಧಿಕಾರಿ ನಗುತ್ತ ಸೀಮೆಸುಣ್ಣದಲ್ಲಿ ಪೆಟ್ಟಿಗೆಗೆ ಗೀಟು ಹಾಕಿ ಬಿಟ್ಟ. ಅಷ್ಟು ಹತ್ತಿರದ ಲಿಂಬೆಗೆ ಮಾವನ ಕಣ್ಣು ಸಾಕಾಗಿತ್ತು ಎಂಬುದು ನನಗೆ ಆಮೇಲೆ ಹೊಳೆದದ್ದು.

ಊರು ನೋಡಿ ನನಗೆ ಪರದೇಶ ಅನ್ನಿಸಲೇ ಇಲ್ಲ. ಅದೇ ತೆಂಗು, ಅದೇ ಉಪ್ಪುಗಾಳಿ, ಅದೇ ಕೆಂಪು ಕುಚ್ಚಲಕ್ಕಿ ಅನ್ನ. ಬೆಳಿಗ್ಗೆ ನಮ್ಮ ಒತ್ತುಶ್ಯಾವಿಗೆಯನ್ನೇ ಸಣ್ಣ ಸಣ್ಣ ಬಿಲ್ಲೆ ಮಾಡಿ ಬಡಿಸುತ್ತಾರೆ. ಜತೆಗೆ ಕಾಯಿತುರಿಯ ಕೆಂಪು ಚಟ್ನಿ. ಅದಕ್ಕೆ ಒಣಮೀನಿನ ಪುಡಿ ಹಾಕುತ್ತಾರೆಂದು ತಿಳಿಯದೆ ಮೂರು ಸಲ ಹಾಕಿಸಿಕೊಂಡೆ, ತಿಳಿದ ಮೇಲೆ ನಾಲ್ಕನೆಯ ಸಲ ಹಾಕಿಸಿಕೊಂಡೆ. ಅಚ್ಚರಿಯಾದದ್ದು ಗಂಡಸರ ತಲೆ. ವಯಸ್ಸಾದ ಸಿಂಹಳ ಗಂಡಸರು ಕೂದಲು ಕಟ್ಟಿ, ನೆತ್ತಿಯ ಮೇಲೆ ಆಮೆಚಿಪ್ಪಿನ ಬಾಗಿದ ಬಾಚಣಿಗೆ ಸಿಕ್ಕಿಸಿಕೊಂಡು ಗಂಭೀರವಾಗಿ ಓಡಾಡುತ್ತಾರೆ. ಬಾಚಿ ಮರೆತರೋ ಎಂದು ಮೊದಲು ಒಬ್ಬರಿಗೆ ಕೈಸನ್ನೆ ಮಾಡಿದೆ. ಮಾವ ನನ್ನ ಕೈ ಹಿಡಿದು ಎಳೆದರು.

ಮೊದಲ ಆಟ

ಕ್ಲಬ್ಬಿನ ಜಗಲಿಗೆ ಕಾಲಿಟ್ಟು ತಲೆ ಎತ್ತಿದರೆ ಮಾಡಿಗೆ ನಮ್ಮೂರಿನದೇ ಹಂಚು. ಅಡಿಮೈಯಲ್ಲಿ ಮಂಗಳೂರು ಎಂದು ಒತ್ತಿದ ಇಂಗ್ಲಿಷ್ ಅಕ್ಷರ ಸಾಲುಸಾಲಾಗಿ ಕಾಣುತ್ತದೆ. ನನಗೆ ಕುಣಿಯಬೇಕು ಅನ್ನಿಸಿತು. ಮಾವನಿಗೆ ತೋರಿಸಿದೆ. ಹೌದು ಹೌದು, ಚಂದ ಉಂಟು ಎಂದರು, ಆದರೆ ನೋಡುತ್ತಿದ್ದದ್ದು ಕಂಬದ ಕಡೆ.

ಪೀರಿಸ್ ಬಂದರು. ಅರವತ್ತೈದು ಇರಬಹುದು. ತಲೆಯಲ್ಲಿ ಬಾಚಣಿಗೆ, ಮೈಗೆ ಬಿಳಿ ಕೋಟು, ಸೊಂಟಕ್ಕೆ ಬಿಳಿ ವಸ್ತ್ರ, ಬರಿಗಾಲು, ಮೂಗಿನ ಮೇಲೆ ದಪ್ಪ ಕನ್ನಡಕ. ಕೈ ಸ್ವಲ್ಪ ನಡುಗುತ್ತದೆ. ಇಬ್ಬರೂ ಒಬ್ಬರ ಕೋಲನ್ನು ಒಬ್ಬರು ತೆಗೆದು ತೂಗಿ ನೋಡಿದರು. ಕನ್ನಡಕ ಹಾಕಿ ಆಡುವವನು ಎಂತ ಆಟಗಾರ ಎಂದು ಮಾವ ನನ್ನ ಕಿವಿಯಲ್ಲಿ ಗೊಣಗಿದರು. ಅವರ ಪ್ರಕಾರ ಕನ್ನಡಕ ಹಾಕಿದ ದಿನವೇ ಆಟ ಮುಗಿದ ಹಾಗೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಮೇಲೆ ಒಂದು ಕೆಂಪು ಚೆಂಡು, ಎರಡು ಬಿಳಿ. ಆಟಗಾರನಿಗೊಂದು ಬಿಳಿ. ಗುರುತಿಗೆ ಒಂದು ಬಿಳಿಯ ಮೈಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ತನ್ನ ಚೆಂಡಿನಿಂದ ಉಳಿದೆರಡನ್ನೂ ಮುಟ್ಟಿದರೆ ಎರಡು ಅಂಕ, ಕೆಂಪನ್ನು ತೂತಿಗೆ ಹಾಕಿದರೆ ಮೂರು, ಹೀಗೆ. ಅಷ್ಟು ತಿಳಿದರೆ ಸಾಕು.

ಮೊದಲ ದಿನ ನೂರು ಅಂಕದ ಸ್ನೇಹದ ಆಟ. ತೊಂಬತ್ತರವರೆಗೆ ಚೆನ್ನಾಗಿಯೇ ಹೋಯಿತು. ಆಮೇಲೆ ಶುರುವಾಯಿತು ನೋಡಿ. ಮಾವ ತೊಂಬತ್ತೆಂಟು, ಪೀರಿಸ್ ತೊಂಬತ್ತೇಳು. ಮಾವ ಹೊಡೆದ ಚೆಂಡು ಕೂದಲೆಳೆಯಲ್ಲಿ ತಪ್ಪಿತು. ಪೀರಿಸ್ ಹೊಡೆದ ಕೆಂಪು ತೂತಿನ ಬಾಯಿಯಲ್ಲಿ ಹೋಗಿ ನಿಂತಿತು. ಮಾವ ಮತ್ತೆ ತಪ್ಪಿಸಿದರು. ಪೀರಿಸ್ ಮತ್ತೆ ನಿಲ್ಲಿಸಿದರು. ಹತ್ತು ಸಲ, ಹದಿನೈದು ಸಲ. ಇಬ್ಬರು ಮಾರ್ಕರುಗಳು, ಇಬ್ಬರಿಗೂ ಕೊನೆಯ ಅಂಕ ಎದುರಿನವನಿಗೆ ಬಿಟ್ಟುಕೊಟ್ಟೇ ಅಭ್ಯಾಸ. ಸುತ್ತ ಕುರ್ಚಿಯಲ್ಲಿ ಸಾಹೇಬರುಗಳು ಕಂಡರಂತೂ ಕೈ ತಾನಾಗಿಯೇ ಸೋಲಿನ ಕಡೆಗೆ ತಿರುಗುತ್ತದೆ. ಚೆಂಡನ್ನು ತೂತಿಗೆ ಹಾಕುವುದಕ್ಕಿಂತ ಅಂಚಿನಲ್ಲಿ ಹಾಗೆ ನಿಲ್ಲಿಸುವುದು ಎಷ್ಟು ಕಷ್ಟ ಎಂದು ಅಲ್ಲಿ ಕೂತವರಿಗೆ ಏನು ಗೊತ್ತು? ಅವರು ಆಕಳಿಸಿದರು. ಪಾಪ, ಇಬ್ಬರದ್ದೂ ಕೈ ಹೋಗಿದೆ, ಇನ್ನು ಮನೆಯಲ್ಲಿ ಕೂರುವುದು ಒಳ್ಳೆಯದು ಎಂದು ಒಬ್ಬರು ಗಟ್ಟಿಯಾಗಿಯೇ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಕೊನೆಗೆ ಆ ಹಳೆಯ ದೊರೆಯೇ ಎದ್ದು ಆಟ ಸಮ ಎಂದು ನಿಲ್ಲಿಸಿದರು.

ಪೀರಿಸರ ಮನೆ

ಸಂಜೆ ಪೀರಿಸ್ ನಮ್ಮನ್ನು ಮನೆಗೆ ಕರೆದರು. ನಮ್ಮಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವ ಹಾಗೆ ಅಲ್ಲಿ ಬೆಲ್ಲ ಚಹಾ. ಬೆಲ್ಲ ಲೋಟದೊಳಗಲ್ಲ, ಅಂಗೈಯಲ್ಲಿ. ಒಂದು ಚೂರು ಕಡಿಯುವುದು, ಒಂದು ಗುಟುಕು ಕಪ್ಪು ಚಹಾ ಕುಡಿಯುವುದು. ನಾನು ಮೊದಲೇ ಬೆಲ್ಲವೆಲ್ಲ ತಿಂದು ಮುಗಿಸಿ ಕಹಿ ಚಹಾ ಕುಡಿಯುತ್ತ ಕೂತೆ. ಪೀರಿಸರಿಗೆ ತಮಿಳು ಬರುತ್ತಿತ್ತು. ನನಗೆ ಮಲಯಾಳ ಬೆರೆತ ಒಂದು ತಮಿಳು ಬರುತ್ತದೆ. ಅದರಲ್ಲೇ ಇಬ್ಬರ ನಡುವೆ ಮಾತು ದಾಟಿಸಿದೆ.

ಮಾವನಿಗೆ ಸಿಟ್ಟು ಬಂದಿತ್ತು. "ನಾನು ಸಮುದ್ರ ದಾಟಿ ಬಂದದ್ದು ಇದಕ್ಕಾ ಅಂತ ಕೇಳು ಅವನ ಹತ್ತಿರ. ಇವತ್ತು ಮಾಡಿದ ಹಾಗೆಯೇ ಇಪ್ಪತ್ತು ವರ್ಷದ ಹಿಂದೆ ಮಾಡಿದ್ದಾ ಅಂತಲೂ ಕೇಳು," ಎಂದರು. ನಾನು ಕೇಳಿದೆ. ಪೀರಿಸ್ ಕನ್ನಡಕ ತೆಗೆದು ಒರೆಸಿದರು. ನೀವೂ ಇವತ್ತು ಅದನ್ನೇ ಮಾಡಿದಿರಲ್ಲ ಎಂದರು. ಹಳೆಯದ್ದನ್ನು ಬಾಯಲ್ಲಿ ಹೇಳಿದರೆ ನೀವು ನಂಬುವುದಿಲ್ಲ, ನಾಳೆ ಇನ್ನೂರೈವತ್ತರ ಆಟ ಆಡುವ, ನನ್ನ ನಿಜವಾದ ಆಟ ಕಂಡ ಮೇಲೆ ನೀವೇ ಹೇಳಿ ಎಂದರು. ಹಾಗಾದರೆ ಇಬ್ಬರೂ ಕೈಮೇಲೆ ಕೈ ಹಾಕಿ, ನಾಳೆ ಮಾರ್ಕರುಗಳಾಗಿ ಆಡುವುದಿಲ್ಲ ಎಂದು ಮಾತು ಕೊಡಬೇಕು ಎಂದು ಮಾವ ಹಟ ಹಿಡಿದರು. ಕೊಟ್ಟರು. ಬೆಲ್ಲದ ಅಂಟು ಕೈಗಳು ಬೇಗ ಬಿಡಲೂ ಇಲ್ಲ.

ಎರಡನೆಯ ಆಟ

ಮರುದಿನ ಮಧ್ಯಾಹ್ನದ ಆ ಮೂರು ಗಂಟೆ ನಾನು ಬದುಕಿರುವವರೆಗೆ ಮರೆಯುವುದಿಲ್ಲ. ಪೀರಿಸರ ನಡುಗುವ ಕೈ ಕೋಲು ಮುಟ್ಟಿದ ಕೂಡಲೇ ನಿಂತುಹೋಯಿತು. ಮೂವತ್ತು, ನಲವತ್ತು ಎಂದು ಒಂದೇ ಸರದಿಯಲ್ಲಿ ತೆಗೆದರು. ಮಾವ ಎದ್ದು ಚೆಂಡುಗಳನ್ನು ಒಂದು ಮೂಲೆಗೆ ತಂದು, ಮಗುವನ್ನು ತಟ್ಟಿದ ಹಾಗೆ ತಟ್ಟಿ ತಟ್ಟಿ ಎರಡೆರಡಾಗಿ ಐವತ್ತು ಕೂಡಿಸಿದರು. ಆಕಳಿಸಿದ ಸಾಹೇಬರುಗಳು ಕುರ್ಚಿಯ ತುದಿಗೆ ಬಂದರು. ಒಬ್ಬರ ಚುಟ್ಟ ಆರಿ ಕೈಯಲ್ಲೇ ಉಳಿಯಿತು. ಪೀರಿಸ್ ಕೆಂಪು ಹಾಕಿದಾಗೆಲ್ಲ ಮಾವ ಅಭ್ಯಾಸಬಲದಿಂದ ಎದ್ದು ಚೆಂಡು ತೆಗೆದು ಜಾಗಕ್ಕಿಟ್ಟು ಎದುರಾಳಿಯ ಅಂಕವನ್ನು ತಾವೇ ಕೂಗಿಬಿಡುತ್ತಿದ್ದರು. ಮೂರನೆಯ ಸಲ ಜನ ನಕ್ಕರು, ಐದನೆಯ ಸಲ ಚಪ್ಪಾಳೆ ತಟ್ಟಿದರು. ಸೋಲಲಿ ಎಂದು ಬಂದಿದ್ದ ನಾನು ಕುದ್ರೋಳಿಯ ದೇವರಿಗೆ ಎಳನೀರಿನ ಅಭಿಷೇಕ ಹೇಳಿಕೊಂಡು ಕೂತಿದ್ದೆ.

ಮಾವ ಇನ್ನೂರ ನಲವತ್ತಾರು, ಪೀರಿಸ್ ಇನ್ನೂರ ನಲವತ್ತೊಂದು. ಮಾವನಿಗೆ ಇನ್ನು ಬೇಕಾದದ್ದು ನಾಲ್ಕು.

ಅಷ್ಟರಲ್ಲಿ ಪೀರಿಸ್ ಹೊಡೆದ ಹೊಡೆತ ತಪ್ಪಿ, ಬಿಳಿ ಚೆಂಡುಗಳೆರಡೂ ಮೂಲೆಯಲ್ಲಿ ಎರಡು ಸಲ ಒಂದಕ್ಕೊಂದು ತಾಗಿ, ಜತೆಯಾಗಿ ಹೊರಗೆ ಉರುಳಿ ಬಂದು ಪಕ್ಕಪಕ್ಕ ನಿಂತವು. ಸುಲಭದ ಆಟ. ಮಾವ ಹೋದರು. ಬಗ್ಗುವ ಮೊದಲು ಇದನ್ನೊಮ್ಮೆ ಅದನ್ನೊಮ್ಮೆ ನೋಡಿದರು. ಆಗ ನನಗೆ ಗೊತ್ತಾಯಿತು. ಅವರಿಗೆ ಚುಕ್ಕೆ ಕಾಣುವುದಿಲ್ಲ. ಇಷ್ಟು ಹೊತ್ತು, ಇಷ್ಟು ವರ್ಷ, ಯಾವ ಚೆಂಡು ಎಲ್ಲಿ ಹೋಯಿತೆಂದು ನೆನಪಿಟ್ಟುಕೊಂಡೇ ಆಡುತ್ತಿದ್ದರು. ಯಾವುದು ನನ್ನದು ಎಂದು ಕೇಳಿದ್ದರೆ ಆಟ ನಡೆಸುತ್ತಿದ್ದ ದೊರೆ ಹೇಳುತ್ತಿದ್ದರು, ಅದು ನಿಯಮದಲ್ಲೇ ಇದೆ. ಆದರೆ ನಲವತ್ತು ವರ್ಷ ಇದು ನಿಮ್ಮ ಚೆಂಡು ಸಾಹೇಬರೇ ಎಂದು ಇನ್ನೊಬ್ಬರಿಗೆ ತೋರಿಸಿದ ಮಾರ್ಕರು ಹೇಗೆ ಕೇಳಿಯಾರು? ಅವರು ಬಗ್ಗಿದರು. ಚುಕ್ಕೆ ಇಲ್ಲದ, ಪೀರಿಸರ ಚೆಂಡಿಗೆ. ನೋಡುವವರು ಬಾಯಿ ಬಿಡಬಾರದು, ನಾನು ತುಟಿ ಕಚ್ಚಿ ಹಿಡಿದೆ.

ಅಷ್ಟು ಚಂದದ ಹೊಡೆತ ಆ ದಿನ ಇನ್ನೊಂದಿರಲಿಲ್ಲ. ಎರಡು ಚೆಂಡನ್ನೂ ಮುಟ್ಟಿ ಮೆಲ್ಲನೆ ಬಂದು ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ದೊರೆ ಎದ್ದು, ತುಂಬ ಸಣ್ಣ ದನಿಯಲ್ಲಿ, ಐತಪ್ಪ, ಅದು ನಿನ್ನ ಚೆಂಡಲ್ಲ ಎಂದರು. ಸರದಿ ಹೋಯಿತು. ಪೀರಿಸ್ ಮಾವನ ಮುಖ ನೋಡಿದರು. ಕೊಟ್ಟ ಮಾತು ನೆನಪಿಸುವವರ ಹಾಗೆ ಮಾವ ಅಂಗೈ ಎತ್ತಿ ತೋರಿಸಿದರು. ಪೀರಿಸ್ ಬಗ್ಗಿ ಮೂರು, ಮತ್ತೆ ಮೂರು, ಮತ್ತೆ ಮೂರು ಹೊಡೆದರು. ಮಾವ ಎದ್ದು ಕೆಂಪು ಚೆಂಡನ್ನು ಜಾಗಕ್ಕಿಟ್ಟು, ಆ ಕ್ಲಬ್ಬಿನ ಮಾಡು ಅದುರುವ ಹಾಗೆ ಇನ್ನೂರೈವತ್ತು ಎಂದು ಇಂಗ್ಲಿಷಿನಲ್ಲಿ ಕೂಗಿದರು.

ನನಗೆ ಅಳು ಬಂತು. ಮಾವ ಮಾತ್ರ ನಗುತ್ತಿದ್ದರು. "ಇದನ್ನು ನಾನು ಕೊಟ್ಟದ್ದಲ್ಲ ಸಂಜೀವ, ಅವನೇ ತೆಗೆದುಕೊಂಡದ್ದು. ಇವನ ಆಟ ಇದು ಅಂತ ಈಗ ನೋಡಿದೆ. ಅವತ್ತೂ ಹೀಗೆಯೇ ಆಡಿದ್ದ. ಅವತ್ತು ನಾನು ಗೆದ್ದದ್ದು ಹೌದು," ಎಂದರು.

ಪೀರಿಸ್ ಹತ್ತಿರ ಬಂದು, ಅದು ನಿಜ, ಅವತ್ತು ಸೋತದ್ದಕ್ಕೇ ಇಷ್ಟು ವರ್ಷ ಕೋಲು ಬಿಡಲಿಲ್ಲ, ಇವತ್ತು ಬಿಡುತ್ತೇನೆ ಎಂದು ನನ್ನಿಂದ ಹೇಳಿಸಿದರು. ಮಾವನ ನಗು ನಿಂತಿತು. ಗೆದ್ದವನು ಓಡಿಹೋಗುವುದು ಯಾವ ಊರಿನ ನ್ಯಾಯ ಎಂದು ಕೇಳಿದರು. ಆಮೇಲೆ ಕೈ ನೀಡಿ ಪೀರಿಸರ ಮೂಗಿನಿಂದ ಕನ್ನಡಕ ತೆಗೆದು ತಾವು ಇಟ್ಟುಕೊಂಡು ಮೇಜಿನ ಕಡೆ ತಿರುಗಿದರು. ಬಿಳಿ ಚೆಂಡುಗಳ ಮೇಲೆ ಬಗ್ಗಿದರು. "ಚುಕ್ಕೆ ಉಂಟು ಮಾರಾಯ," ಎಂದರು.

ಪೇಟೆಯ ಕನ್ನಡಕದ ಅಂಗಡಿ

ಉಳಿದ ದಿನಗಳಲ್ಲಿ ಆನೆ ನೋಡುವ ಅಂದರೆ ಮಾವ ಕೇಳಲಿಲ್ಲ. ಪೀರಿಸರೊಂದಿಗೆ ಟ್ರಾಮು ಹತ್ತಿ ಪೇಟೆಯ ಕನ್ನಡಕದ ಅಂಗಡಿಗೆ ಹೋದೆವು. ಅಂಗಡಿಯವನು ಗಾಜು ಬದಲಿಸುತ್ತ ಗೋಡೆಯ ಅಕ್ಷರ ಓದಿ ಎಂದರೆ ಮಾವ ಅಕ್ಷರ ಬಿಟ್ಟು, ಎದುರು ಮಾಡಿನ ಮೇಲೆ ಕಾಗೆ ಎಷ್ಟು, ಹಂಚು ಎಷ್ಟು ಒಡೆದಿದೆ ಎಂದು ಎಣಿಸತೊಡಗಿದರು. ನಮ್ಮ ಕಾರ್ಖಾನೆಯ ಹಂಚೇ ಹೆಚ್ಚು ಒಡೆದದ್ದು ಎಂದು ಗಟ್ಟಿಯಾಗಿ ಹೇಳಬೇಕಾಗಿರಲಿಲ್ಲ. ಒಡೆದ ಹಂಚಿನ ತಕರಾರು ಮಾಡಿದ ವ್ಯಾಪಾರಿಯೂ ನಮ್ಮೊಂದಿಗೆ ಬಂದು ಪಕ್ಕದಲ್ಲೇ ನಿಂತಿದ್ದ.

ದೊರೆ ನಮ್ಮ ಕ್ಲಬ್ಬಿಗೆ ಒಂದು ಕಾಗದ ಬರೆದು ಕೊಟ್ಟರು. ಬರುವ ಚಳಿಗಾಲದಲ್ಲಿ ಪೀರಿಸರನ್ನು ಕರೆದುಕೊಂಡು ತಾನೇ ಮಂಗಳೂರಿಗೆ ಬರುತ್ತೇನೆ, ಅಲ್ಲಿಯವರೆಗೆ ಐತಪ್ಪನಿಗೆ ಮೇಜು ಬಿಟ್ಟುಕೊಡಬೇಕು ಎಂದು. ಪೀರಿಸ್ ಬರುತ್ತೇನೆ ಎಂದು ಒಪ್ಪಲು ಮಾವ ಎರಡು ದಿನ ಬೆಲ್ಲ ಚಹಾ ಕುಡಿಯಬೇಕಾಯಿತು.

ಮತ್ತೆ ಬಂದರು

ಹಡಗಿನಲ್ಲಿ ನನಗೆ ನಿದ್ದೆ ಇಲ್ಲ. ಅಮ್ಮನಿಗೆ ಏನು ಹೇಳುವುದು? ಸಮುದ್ರ ಎರಡೂ ಕಡೆ ಇತ್ತು, ಕೋಲೂ ಇತ್ತು. ಮಾವ ಹೊಸ ಕನ್ನಡಕ ಹಾಕಿಕೊಂಡು ದೂರದ ದೋಣಿಗಳ ಹಾಯಿಪಟದ ತೇಪೆ ಎಣಿಸುತ್ತಿದ್ದರು. ಅಳಿವೆಯಲ್ಲಿ ಮಚವೆ ಎದ್ದು ಬಿದ್ದಾಗ ಈ ಸಲ ಪೆಟ್ಟಿಗೆ ನನ್ನ ಮಡಿಲಲ್ಲಿತ್ತು. ನಾನೇ ಅಪ್ಪಿ ಹಿಡಿದಿದ್ದೆ.

ಅಮ್ಮ ಜಗಲಿಯಲ್ಲಿ ನಿಂತಿದ್ದಳು. ತಮ್ಮನ ಮೂಗಿನ ಮೇಲಿನ ಕನ್ನಡಕ ನೋಡಿದಳು, ನನ್ನ ಹೆಗಲ ಮೇಲಿನ ಪೆಟ್ಟಿಗೆ ನೋಡಿದಳು. ನಾನು ಹೊಸ್ತಿಲ ಹೊರಗೇ ನಿಂತು, ಒಂದೂ ಬಿಡದೆ ಎಲ್ಲ ಹೇಳಿದೆ. ಚುಕ್ಕೆಯ ಸಂಗತಿ ಹೇಳುವಾಗ ಮಾವ ಬಾವಿಯ ಕಡೆ ತಿರುಗಿದರು.

"ಎಷ್ಟಕ್ಕೆ ಸೋತದ್ದು?"

"ನಾಲ್ಕಕ್ಕೆ ಅಮ್ಮ."

"ನಾಲ್ಕೇ ನಾಲ್ಕಕ್ಕಾ?"

ಅವಳು ಇಳಿದು ಬಂದು ಪೆಟ್ಟಿಗೆಯನ್ನು ನನ್ನ ಹೆಗಲಿಂದ ತೆಗೆದುಕೊಂಡಳು. ಅದರ ಮೇಲಿನ ಸಮುದ್ರದ ಉಪ್ಪನ್ನು ಸೆರಗಿನಿಂದ ಒರೆಸಿ, ಒಳಗೆ ಒಯ್ದು, ಚಾವಡಿಯಲ್ಲಿ ಆ ಹಳೆಯ ಫೋಟೊದ ಕೆಳಗೆ ಅದರ ಮಾಮೂಲಿ ಜಾಗದಲ್ಲಿಟ್ಟಳು. ತಿರುಗಿ ಬಂದು ನನ್ನನ್ನು ಕೇಳಿದಳು.

"ಆ ಮನುಷ್ಯ ಇಲ್ಲಿಗೆ ಬರುವುದು ಯಾವಾಗ?"